ಹಳೆಯ ಪೆಟ್ಟಿಗೆ, ಅಲ್ಪ ಹಣ

ಹೆಂಚು ಸೋರಿತೆಂದು ಮನೆಯನ್ನೇ ಕೆಡಹುವವರು ಕರಾವಳಿಯಲ್ಲಿಲ್ಲ. ಮಳೆಗಾಲಕ್ಕೆ ಮುನ್ನ ಮಾಡನ್ನೇರಿ, ಒಡೆದ ಹೆಂಚಾವುದೆಂದು ನೋಡಿ, ಅದೊಂದನ್ನೇ ಬದಲಿಸುವುದು ಇಲ್ಲಿಯ ರೂಢಿ. ಆದರೆ ಅದೇ ಮನೆಯ ತರುಣನು, ತನ್ನ ಆಟದ ಕಂಪ್ಯೂಟರು ತಡವರಿಸತೊಡಗಿದೊಡನೆ, ಕೆಟ್ಟಿರುವುದೇನೆಂದು ನೋಡದೆಯೇ ಅಂಗಡಿಗೆ ಧಾವಿಸುತ್ತಾನೆ.

ಮಂಗಳೂರಿನ ವಾಮಂಜೂರಿನಲ್ಲಿ ೨೦೦೨ರಲ್ಲಿ ಸೇಂಟ್ ಜೋಸೆಫ್ ಇಂಜಿನಿಯರಿಂಗ್ ಕಾಲೇಜು ಆರಂಭವಾದಂದಿನಿಂದ ಆ ಊರಿಗೆ ವಿದ್ಯಾರ್ಥಿಗಳ ಬರವಿಲ್ಲ. ಅಲ್ಲಿಯ ಒಂದು ಬಾಡಿಗೆಯ ಕೊಠಡಿಯಲ್ಲಿ, ಅಣ್ಣನಿಂದ ತಮ್ಮನಿಗೆ ಬಂದ ೨೦೧೭ರ ಪೆಟ್ಟಿಗೆಯೊಂದಿದೆಯೆಂದು ಭಾವಿಸೋಣ: ಇಂಟೆಲ್ಲಿನ ಏಳನೆಯ ತಲೆಮಾರಿನ ಪ್ರೊಸೆಸರು, ೮ ಜಿಬಿ ಮೆಮೊರಿ, ತಿರುಗುವ ಹಾರ್ಡ್‌ಡಿಸ್ಕು, ೨ ಜಿಬಿಯ ಗ್ರಾಫಿಕ್ಸ್ ಕಾರ್ಡು. ಕೈಯಲ್ಲಿರುವುದು ಹನ್ನೆರಡು ಸಾವಿರ ರೂಪಾಯಿ. ತಂದೆಯನ್ನು ಮತ್ತೊಮ್ಮೆ ಕೇಳುವಂತಿಲ್ಲ. ಹಗಲಿನ ಪಾಠವೂ ಇರುಳಿನ ಆಟವೂ ಅದರಲ್ಲಿಯೇ ಸಾಗಬೇಕು.

ಮೊದಲನೆಯ ಪರೀಕ್ಷೆಗೆ ಕಾಸಿನ ಖರ್ಚೂ ಇಲ್ಲ. ಆಟ ನಡೆದಿರುವಾಗಲೇ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಬೇಕು. ಗ್ರಾಫಿಕ್ಸ್ ಕಾರ್ಡು ನೂರಕ್ಕೆ ನೂರು ದುಡಿಯುತ್ತಿದ್ದರೆ ದಣಿದಿರುವುದು ಅದೇ. ಅದು ಅರೆಬರೆ ದುಡಿಯುತ್ತ, ಪ್ರೊಸೆಸರು ಏದುಸಿರು ಬಿಡುತ್ತಿದ್ದರೆ, ಹೊಸ ಕಾರ್ಡಿಗೆ ಸುರಿದ ಹಣ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಎರಡನೆಯದು ಶುಚಿ. ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಮಂಗಳೂರಿನಲ್ಲಿ ಧೂಳು ಧೂಳಾಗಿ ಉಳಿಯುವುದಿಲ್ಲ. ತೇವಕ್ಕೆ ಅಂಟಾಗಿ ಫ್ಯಾನಿನ ರೆಕ್ಕೆಗಳಿಗೆ ಮೆತ್ತಿಕೊಳ್ಳುತ್ತದೆ. ಶಾಖ ಮಿತಿಮೀರಿದಾಗ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲೆಂದು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಮೃದುವಾದ ಕುಂಚ, ಹೊಸದಾಗಿ ಹಚ್ಚಿದ ಥರ್ಮಲ್ ಪೇಸ್ಟು - ಇಷ್ಟರಿಂದಲೇ ಚೇತರಿಸಿಕೊಳ್ಳುವ ಪೆಟ್ಟಿಗೆಗಳು ಬಹಳ.

ಅನಂತರ ಪ್ರೊಸೆಸರಿನ ಮಾತು. ಇಲ್ಲಿ ತರುಣನ ಆಸೆಗೆ ಕಡಿವಾಣ ಬೀಳುತ್ತದೆ. ಎಂಟನೆಯ ತಲೆಮಾರಿನ ಪ್ರೊಸೆಸರು ಕೂರುವ ಕುಳಿಯ ಆಕಾರವೂ ಏಳನೆಯದರ ಕುಳಿಯ ಆಕಾರವೂ ಒಂದೇ. ಆದರೂ ಇಂಟೆಲ್ ಕಂಪನಿಯು ಹಳೆಯ ಮದರ್‌ಬೋರ್ಡಿಗೆ ಹೊಸದನ್ನು ಹೊಂದಿಸಲಿಲ್ಲ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ ತನ್ನ ಪಂಕ್ತಿಗೆ ಕರೆದುದು, ಒಂದೆರಡು ಅಪವಾದಗಳನ್ನು ಬಿಟ್ಟರೆ, ಎಂಟನೆಯ ತಲೆಮಾರಿನಿಂದ ಈಚಿನವರನ್ನು. ಒಂದು ವರ್ಷದ ಅಂತರದಲ್ಲಿ ಎಲೆ ತಪ್ಪಿದ ಪೆಟ್ಟಿಗೆಯಿದು! ಲಿನಕ್ಸಿನ ಆಸರೆಯುಂಟು, ಸ್ಟೀಮಿನವರು ೨೦೧೮ರಲ್ಲಿ ತಂದ ಪ್ರೋಟಾನ್ ಎಂಬ ಉಪಾಯದಿಂದ ವಿಂಡೋಸಿನ ಅನೇಕ ಆಟಗಳು ಅದರಲ್ಲಿ ಓಡುತ್ತವೆ. ಆದರೆ ಗೆಳೆಯರೆಲ್ಲ ಕೂಡಿ ಆಡುವ ವ್ಯಾಲರಂಟ್ ಅಲ್ಲಿ ಓಡದು. ಹುಡುಗನಿಗೆ ನಿಜವಾಗಿ ನೋವಾಗುವುದು ಇಲ್ಲಿಯೇ.

ಆದುದರಿಂದ ಈ ಪೆಟ್ಟಿಗೆಯ ಕೊನೆಯ ದಿನಗಳಿಗಾಗಿ ಹಣ ಹಾಕದೆ, ಮುಂದಿನ ಪೆಟ್ಟಿಗೆಗೂ ಜೊತೆಯಾಗಿ ಹೋಗಬಲ್ಲ ವಸ್ತುಗಳಿಗೆ ಹಾಕುವುದು ಲೇಸು. ಎಸ್‌ಎಸ್‌ಡಿ ಅಂಥದು. ಅದು ಆಟದ ಚಿತ್ರಗಳನ್ನು ನಯಗೊಳಿಸದಿದ್ದರೂ, ಹಾರ್ಡ್‌ಡಿಸ್ಕಿನ ಮೂರು ನಾಲ್ಕು ಪಾಲು ವೇಗದಿಂದ ಕಡತಗಳನ್ನೆತ್ತಿ ಕಾಯುವ ಬೇಸರವನ್ನು ನೀಗುತ್ತದೆ. ಮೆಮೊರಿಯ ಮಾತು ಬೇರೆ. ಕೃತಕ ಬುದ್ಧಿಮತ್ತೆಯ ಯಂತ್ರಾಗಾರಗಳ ಹಸಿವಿನಿಂದಾಗಿ ೨೦೨೫ರ ಕೊನೆಯಲ್ಲಿ ಅದರ ಬೆಲೆ ಗಗನಕ್ಕೇರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿಯು, ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಶಿಯಲ್ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ ಸಾರಿತು. ಬಳಸಿದ ೮ ಜಿಬಿಯ ಇನ್ನೊಂದು ಪಟ್ಟಿ ಸಿಕ್ಕರೆ ಸಾಕು. ಎರಡು ಪಟ್ಟಿಗಳು ಜೋಡೆತ್ತುಗಳಂತೆ ಒಟ್ಟಿಗೆ ಎಳೆಯುತ್ತವೆ.

ಪವರ್ ಸಪ್ಲೈಯನ್ನು ಯಾರೂ ಲಕ್ಷಿಸುವುದಿಲ್ಲ. ಹೆಸರು ದೆಸೆಯಿಲ್ಲದ ಅಗ್ಗದ ಡಬ್ಬಿಯೊಂದು ಕೆಡುವಾಗ ಒಂಟಿಯಾಗಿ ಕೆಡಬೇಕೆಂದಿಲ್ಲ. ಬೋರ್ಡನ್ನೂ ಕಾರ್ಡನ್ನೂ ಜೊತೆಗೊಯ್ಯಬಲ್ಲುದು. ಪೆಟ್ಟಿಗೆಯೊಳಗಿನ ಸಪ್ಲೈ ಅಂಥದಾದರೆ, ಹೊಸ ಕಾರ್ಡಿಗಿಂತ ಮೊದಲು ಬದಲಾಗಬೇಕಾದುದು ಅದೇ. ಎಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಡಬೇಕೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ; ಘಟ್ಟದ ಮೇಲಿನಿಂದ ಬಂದ ಹುಡುಗರಿಗೆ ಮನೆಯೊಡತಿ ಹೇಳಿಯಾಳು.

ಉಳಿದುದು ಕಾರ್ಡು. ಬೋರ್ಡಿನ ಕುಳಿಯು ಕೊಡುವ ವಿದ್ಯುತ್ತು ೭೫ ವ್ಯಾಟು. ೨೦೧೯ರ ಜಿಟಿಎಕ್ಸ್ ೧೬೫೦ರ ಕೆಲವು ಮಾದರಿಗಳು ಅಷ್ಟರಲ್ಲೇ ತೃಪ್ತಿಪಟ್ಟು, ಬೇರೆ ತಂತಿಯನ್ನು ಬೇಡದೆ ೪ ಜಿಬಿಯ ಅನುಕೂಲವನ್ನು ಕೊಡುತ್ತವೆ. ಹೊಸತೆಂಬ ಮಾತ್ರಕ್ಕೆ ೨೦೨೨ರ ಆರ್‌ಎಕ್ಸ್ ೬೫೦೦ ಎಕ್ಸ್‌ಟಿಯನ್ನು ತಂದರೆ, ನಾಲ್ಕೇ ದಾರಿಗಳಲ್ಲಿ ಮಾತನಾಡುವ ಆ ಕಾರ್ಡು ಇಂಥ ಹಳೆಯ ಬೋರ್ಡಿನಲ್ಲಿ ಕುಂಟುತ್ತದೆ. ಈ ಹಣಕ್ಕೆ ಬಳಸಿದ ಮಾಲೇ ಗತಿ. ೨೦೨೨ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ನಾಣ್ಯದ ಗಣಿಗಾರಿಕೆ ನಿಂತಾಗ, ಹಗಲಿರುಳು ದುಡಿದು ಸವೆದ ಕಾರ್ಡುಗಳು ಸಂತೆಗೆ ಬಂದುವು. ಫ್ಯಾನು ಗೊರಗುಟ್ಟುವುದೇ, ತಿರುಪುಗಳ ತಲೆ ಸವೆದಿದೆಯೇ, ಲೋಹದ ಅಂಚು ಉಪ್ಪುಗಾಳಿಗೆ ತುಕ್ಕುಹಿಡಿದಿದೆಯೇ ಎಂದು ನೋಡಿ, ಮಾರುವವನ ಯಂತ್ರದಲ್ಲಿಯೇ ಅರ್ಧ ಗಂಟೆ ಭಾರದ ಆಟವೊಂದನ್ನು ಓಡಿಸಿದ ಮೇಲಷ್ಟೇ ಹಣವನ್ನು ಜೇಬಿನಿಂದ ಹೊರತೆಗೆಯಬೇಕು.