ಗಿಡಕ್ಕೆ ಚೀಲ ಕೊಡೋಣ, ಚೀಲವನ್ನು ಮರಳಿ ತರೋಣ

ಜುಲೈ ಮೊದಲ ವಾರ ಬಂದರೆ ವನಮಹೋತ್ಸವ. 1950ರಲ್ಲಿ ಕೆ.ಎಂ. ಮುನ್ಷಿಯವರು ಆರಂಭಿಸಿದ ಈ ಆಚರಣೆಯನ್ನು ನಾವೂ ತಪ್ಪಿಸುವುದಿಲ್ಲ. ಗೇಣುದ್ದದ ಸಸಿ ನೆಡುತ್ತೇವೆ, ಸುತ್ತ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಆದರೆ ಗೇಣುದ್ದದ ಸಸಿ ನಮ್ಮ ದೊಡ್ಡಬೆಳವಂಗಲದ ಬೇಸಿಗೆಯನ್ನೂ ಮೇಕೆಗಳನ್ನೂ ದಾಟಿ ಉಳಿಯುವುದು ಕಷ್ಟ. ಮರುವರ್ಷ ಅದೇ ಗುಂಡಿಗೆ ಇನ್ನೊಂದು ಸಸಿ ಬೀಳುತ್ತದೆ.

ನನ್ನ ಅಭಿಪ್ರಾಯ ಇಷ್ಟೆ: ಸಸಿಯನ್ನು ಒಂದು ವರ್ಷ ನಾವೇ ಸಾಕಿ, ಸೊಂಟದೆತ್ತರ ಬಂದ ಮೇಲೆ ನೆಡೋಣ. ಅದಕ್ಕೆ ಹಣ ಕೊಟ್ಟು ಕುಂಡ ತರಬೇಕಿಲ್ಲ. ಎಲ್ಲರ ಮನೆಯಲ್ಲೂ ಬಾಗಿಲ ಹಿಂದಿನ ಮೊಳೆಗೆ ನೇತಾಡುವ, ಬಟ್ಟೆ ಅಂಗಡಿಯವರು ಕೊಟ್ಟ ಹಿಡಿಕೆಯ ಚೀಲಗಳೇ ಸಾಕು.

ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸಸಿಗಳನ್ನು ಚೀಲದ ಅಳತೆಯಿಂದ ಗುರುತಿಸುತ್ತಾರೆ: 5×8, 6×9, 8×12 ಇಂಚು, ಹೀಗೆ. ಚೀಲ ದೊಡ್ಡದಾದಷ್ಟೂ ಬೇರಿಗೆ ಜಾಗ ಹೆಚ್ಚು, ಬೆಲೆಯೂ ಹೆಚ್ಚು. ಅಂಗಡಿ ಚೀಲ ಇವಕ್ಕಿಂತ ಅಗಲವಾಗಿರುತ್ತದೆ. ಇನ್ನೊಂದು ಅನುಕೂಲವೂ ಇದೆ. ಕಪ್ಪು ಪಾಲಿಥೀನ್ ಚೀಲದಲ್ಲಿ ಬೇರು ಗೋಡೆಗೆ ತಾಗಿ ಸುತ್ತಿಕೊಳ್ಳುತ್ತದೆ. ಹಾಗೆ ಸುತ್ತಿದ ಬೇರು ನೆಟ್ಟ ಮೇಲೂ ನೆಟ್ಟಗಾಗುವುದಿಲ್ಲ. ಅಂಗಡಿ ಚೀಲದಲ್ಲಿ ಗಾಳಿ ಆಡುತ್ತದೆ. ಅಂಚಿಗೆ ಬಂದ ಬೇರಿನ ತುದಿ ಒಣಗಿ, ಒಳಗೆ ಹೊಸ ಕವಲುಗಳು ಹುಟ್ಟುತ್ತವೆ. ಹೆಚ್ಚಾದ ನೀರೂ ಬಸಿದು ಹೋಗುತ್ತದೆ.

ಮಾಡುವುದು ಸುಲಭ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ. ಚೀಲದ ಬಾಯನ್ನು ಹೊರಕ್ಕೆ ಮಡಚಿ, ಹತ್ತು ಇಂಚಿನವರೆಗೆ ಮಾತ್ರ ತುಂಬಬೇಕು. ಪೂರ್ತಿ ತುಂಬಿದರೆ ಎತ್ತಲಾಗದು. ನೇರಳೆ, ಬೇವಿನ ಬೀಜಗಳು ಈಗಲೇ ಸಿಗುತ್ತವೆ. ಬೇವಿನ ಬೀಜದ ಮೊಳೆಯುವ ಶಕ್ತಿ ಕೆಲವೇ ವಾರಗಳದ್ದು, ಆದ್ದರಿಂದ ತಡಮಾಡಬಾರದು. ಹುಣಸೆ ಬೀಜವನ್ನು ರಾತ್ರಿ ನೆನೆಸಿಟ್ಟು ಹಾಕಬಹುದು.

ಇಷ್ಟನ್ನೇ ಬರೆದು ಮುಗಿಸಿದ್ದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತಿತ್ತು. ಹೋದ ವರ್ಷ ಮನೆಯ ಹಿಂದೆ ಹನ್ನೆರಡು ಚೀಲಗಳಲ್ಲಿ ಬೀಜ ಹಾಕಿದ್ದೆ. ಒಂಬತ್ತು ಗಿಡಗಳು ಚೆನ್ನಾಗಿ ಬಂದವು. ಆದರೆ ಏಪ್ರಿಲ್ ಬಿಸಿಲಿಗೆ ಚೀಲಗಳು ಹಪ್ಪಳದಂತೆ ಮುರಿಯತೊಡಗಿದವು. ನೀಲಿ, ಕೆಂಪು ಚೂರುಗಳು ಗಾಳಿಗೆ ಹಾರಿ ಪಕ್ಕದ ರಾಗಿ ಹೊಲಕ್ಕೆ ಬಿದ್ದವು. ದಾದಿ ನೋಡಿ, "ಗಿಡದ ಪುಣ್ಯ ನಿನಗೆ, ಕಸ ಆಯೋದು ಯಾರು?" ಎಂದರು. ಎರಡು ಸಂಜೆ ಕೂತು ಆಯ್ದೆ. ಎಲ್ಲವೂ ಸಿಗಲಿಲ್ಲ.

ಆಗ ನನಗೆ ತಿಳಿದದ್ದು, ನಾವು ಬಟ್ಟೆ ಚೀಲ ಎನ್ನುವ ಇದು ಬಟ್ಟೆಯಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. 2016ರಲ್ಲಿ ಕರ್ನಾಟಕ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ ಮೇಲೂ ಇದು ಬಟ್ಟೆಯ ವೇಷದಲ್ಲಿ ಅಂಗಡಿಗಳಲ್ಲಿ ಉಳಿಯಿತು. ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾದ ಇಂಥ ಚೀಲಗಳನ್ನು ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 30ರಿಂದ ನಿಷೇಧಿಸಿದೆ. ಹಾಗಾಗಿ ಗಿಡಕ್ಕೆಂದು ಹೊಸ ಚೀಲ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಈಗಾಗಲೇ ಇರುವುದನ್ನು, ಅದರಲ್ಲೂ ದಪ್ಪನೆಯದನ್ನು, ಮಾತ್ರ ಬಳಸಬೇಕು.

ಹಾಗಾದರೆ ಚೀಲವೇ ಬೇಡ ಎನ್ನೋಣವೇ? ಬೇಡವೆಂದರೂ ಅದು ಕೊನೆಗೆ ಸೇರುವುದು ಚರಂಡಿಗೆ, ಇಲ್ಲವೇ ಕೆರೆಯಂಗಳಕ್ಕೆ. ಅದಕ್ಕಿಂತ ಒಂದು ಮರ ಬೆಳೆಸಿ, ನಂತರ ನಮ್ಮ ಕೈಗೇ ವಾಪಸ್ ಬರುವುದು ಮೇಲು. ಚೀಲಗಳನ್ನು ನೆರಳಲ್ಲಿ ಒತ್ತಾಗಿ ಜೋಡಿಸಿ, ಹೊರಸಾಲಿಗೆ ಹಳೆಯ ಗೋಣಿ ಸುತ್ತಿದರೆ ಬಿಸಿಲು ನೇರ ತಾಗುವುದಿಲ್ಲ. ಎತ್ತುವಾಗ ಹಿಡಿಕೆಯನ್ನು ನಂಬದೆ ತಳಕ್ಕೆ ಕೈ ಕೊಡಬೇಕು. ನೆಡುವ ದಿನ ಕತ್ತರಿಯಿಂದ ಸೀಳಿ, ಚೀಲವನ್ನು ಪೂರ್ತಿ ಹೊರತೆಗೆದು, ಎಣಿಸಿ ಕಾಲೇಜಿಗೆ ತರಬೇಕು. ನೂರು ಗಿಡ ಹೋದರೆ ನೂರು ಚೀಲ ಬರಬೇಕು.

ಗಿಡ ನೆಟ್ಟವನ ಫಲವನ್ನು ಹಕ್ಕಿಯೋ ಮನುಷ್ಯನೋ ಪ್ರಾಣಿಯೋ ತಿಂದರೆ ಅದು ಅವನಿಗೆ ಸದಕಾ ಆಗುತ್ತದೆ ಎಂಬ ಪ್ರವಾದಿಯವರ (ಸ) ಮಾತನ್ನು ವನಮಹೋತ್ಸವದ ಭಾಷಣಗಳಲ್ಲಿ ಕೇಳುತ್ತೇವೆ. ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ತೆಗೆಯುವುದೂ ಸದಕಾ ಎಂದು ಅವರೇ ಕಲಿಸಿದ್ದಾರೆ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತರೆ ಲೆಕ್ಕ ಸರಿಹೋಗುವುದಿಲ್ಲ.

ನೀರಿನ ಮಾತು ಬಂದೇ ಬರುತ್ತದೆ. ಕಾಲೇಜಿನಲ್ಲಿ ಝುಹರ್ ನಮಾಜಿಗೆ ಮುನ್ನ ವುಝೂ ಮಾಡಿದ ನೀರು ದಿನವೂ ಚರಂಡಿಗೆ ಹೋಗುತ್ತಿದೆ. ಅದರಲ್ಲಿ ಸೋಪಿಲ್ಲ. ಒಂದು ಪೈಪು, ಒಂದು ಡ್ರಮ್ಮು ಇದ್ದರೆ ಸಸಿಗಳಿಗೆ ಸಾಕು. ರಜೆಯ ದಿನಗಳಿಗೆ ಹತ್ತಿರದ ಮನೆಯವರು ಸರದಿ ಹಾಕಿಕೊಳ್ಳಬಹುದು. ಮಾಗಡಿ ತಾಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ಆಲದ ಸಸಿ ನೆಟ್ಟಷ್ಟಕ್ಕೇ ದೊಡ್ಡವರಾಗಲಿಲ್ಲ. ಗಂಡನ ಜೊತೆ ನೀರು ಹೊತ್ತು ಅವನ್ನು ಉಳಿಸಿದ್ದರಿಂದ ದೊಡ್ಡವರಾದರು.

ಪ್ರಾಂಶುಪಾಲರಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನ ಕೋರಿಕೆ ಇದು: ಈ ಜುಲೈನಲ್ಲಿ ಗುಂಡಿ ತೋಡುವುದು ಬೇಡ. ಪ್ರತಿಯೊಬ್ಬರೂ ಮನೆಯಿಂದ ಒಂದು ಹಳೆಯ ಚೀಲ, ಒಂದು ಬೀಜ ತರೋಣ. ಚೀಲದ ಮೇಲೆ ರೋಲ್ ನಂಬರ್ ಬರೆಯೋಣ. ಮುಂದಿನ ಜುಲೈಗೆ ದ್ವಿತೀಯ ಪಿಯುಸಿಯವರು ಕಾಲೇಜು ಬಿಟ್ಟಿರುತ್ತಾರೆ. ಅವರ ಗಿಡಗಳನ್ನು ನೆಟ್ಟು, ಅವರ ನಂಬರಿನ ಖಾಲಿ ಚೀಲಗಳನ್ನು ಎಣಿಸಿಕೊಳ್ಳುವ ಹೊಣೆ ಆಗ ಪ್ರಥಮ ವರ್ಷದಿಂದ ಬಂದವರದು.