ಟುಟು ಹಿಡಿದ ಅಳತೆಗೋಲು

1985ರ ಈಸ್ಟರ್ ಹಬ್ಬಕ್ಕೆ ದಕ್ಷಿಣ ಆಫ್ರಿಕಾದ ಅಧ್ಯಕ್ಷ ಪಿ.ಡಬ್ಲ್ಯು. ಬೋಥಾ ಮೊರಿಯಾಕ್ಕೆ ಹೋಗಿದ್ದರು. ಅದು ಜಿಯಾನ್ ಕ್ರಿಶ್ಚಿಯನ್ ಚರ್ಚ್‌ನ ಪುಣ್ಯಕ್ಷೇತ್ರ. ಈಸ್ಟರ್ ಹೊತ್ತಿಗೆ ಅಲ್ಲಿ ಲಕ್ಷಾಂತರ ಕಪ್ಪು ಜನ ಸೇರುತ್ತಾರೆ. ಸಂಸತ್ತಿಗೆ ಮತ ಹಾಕುವ ಹಕ್ಕೂ ಇಲ್ಲದ ಆ ಜನಸ್ತೋಮದ ಎದುರು ನಿಂತು ವರ್ಣಭೇದ ಸರ್ಕಾರದ ಮುಖ್ಯಸ್ಥ ಬೈಬಲ್ ನೆನಪಿಸಿದರು. ಸಂತ ಪೌಲ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯವನ್ನು ಅವರು ಆರಿಸಿಕೊಂಡಿದ್ದರು. ಅಧಿಕಾರವೆಲ್ಲ ದೇವರಿಂದ ಬಂದದ್ದು, ಆದ್ದರಿಂದ ಎಲ್ಲರೂ ಆಳುವವರಿಗೆ ಅಧೀನರಾಗಿ ನಡೆಯಬೇಕು ಎಂಬುದು ಅದರ ಸಾರ. ಇದಕ್ಕೆ ಮೂರು ವಾರವೂ ಮುಂಚೆಯಲ್ಲ, ಮಾರ್ಚ್ 21ರಂದು, ಯೂಟೆನ್‌ಹೇಗ್ ಬಳಿಯ ಲಂಗಾದಲ್ಲಿ ಶವಸಂಸ್ಕಾರಕ್ಕೆ ಹೊರಟಿದ್ದ ಜನರ ಮೇಲೆ ಅದೇ ಸರ್ಕಾರದ ಪೊಲೀಸರು ಗುಂಡು ಹಾರಿಸಿ 20 ಮಂದಿಯನ್ನು ಕೊಂದಿದ್ದರು.

ಕ್ರೈಸ್ತ ಧರ್ಮಗುರುವೊಬ್ಬ ರಾಜಕೀಯ ನಾಯಕರನ್ನು ಟೀಕಿಸಬಹುದೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಪೌಲನ ಈ ಅಧ್ಯಾಯ ಮುಂದೆ ಬರುತ್ತದೆ. ರಾಜಾ ಪ್ರತ್ಯಕ್ಷ ದೇವತಾ ಎಂದು ಹೇಳಿಕೊಂಡು ಬಂದಿರುವ ನಮಗೂ ಈ ತರ್ಕ ಹೊಸದೇನಲ್ಲ. ಆದರೆ ಟೀಕೆ ಬೇಡ ಎನ್ನುವ ಸಭಾಪಾಲಕರೆಲ್ಲ ಬೋಥಾನ ಸಾಲಿನವರಲ್ಲ. ಅವರಲ್ಲಿ ಅನೇಕರ ವಾದದಲ್ಲಿ ಪ್ರಾಮಾಣಿಕತೆ ಇದೆ. ಆಳುವವರಿಗಾಗಿ ಪ್ರಾರ್ಥಿಸಿರಿ ಎಂದು ತಿಮೊಥೆಯನಿಗೆ ಬರೆದ ಪತ್ರ ಹೇಳುತ್ತದೆ. ಪ್ರಾರ್ಥಿಸುವ ಬಾಯಲ್ಲಿ ನಿಂದೆ ಯಾಕೆ ಎಂದು ಅವರು ಕೇಳುತ್ತಾರೆ. ಭಾನುವಾರ ಆರಾಧನೆಗೆ ಬಂದು ಕೂತವರಲ್ಲಿ ಎಲ್ಲ ಪಕ್ಷಗಳ ಮತದಾರರೂ ಇರುತ್ತಾರೆ. ಪ್ರಸಂಗ ಮಾಡುವವರಿಗೆ ಯಾರೂ ಎದ್ದು ನಿಂತು ಎದುರಾಡುವಂತಿಲ್ಲ; ಆ ಅನುಕೂಲವನ್ನು ರಾಜಕೀಯಕ್ಕೆ ಬಳಸುವುದು ಸರಿಯಲ್ಲ ಎಂಬ ಮಾತಿನಲ್ಲೂ ಹುರುಳಿದೆ. ಅಲ್ಪಸಂಖ್ಯಾತರಾಗಿರುವ ಕಡೆ ಭಯವೂ ಸೇರಿಕೊಳ್ಳುತ್ತದೆ. ಸಭಾಪಾಲಕರು ಆಡಿದ ಒಂದು ಮಾತಿಗೆ ಹಳ್ಳಿಯೊಂದರ ನಾಲ್ಕಾರು ಕ್ರೈಸ್ತ ಕುಟುಂಬಗಳು ಬೆಲೆ ತೆರಬೇಕಾಗಿ ಬರಬಹುದು.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಮೌನವೇ ವಿಶ್ವಾಸದ ದಾರಿ ಎಂಬುದನ್ನು ನಾನು ಒಪ್ಪಲಾರೆ. ಬೈಬಲ್ ಅದನ್ನು ಹೇಳುವುದಿಲ್ಲ. ದಾವೀದ ರಾಜ ತನ್ನ ಸೈನಿಕ ಊರೀಯನ ಹೆಂಡತಿಯನ್ನು ಸೇರಿ, ಆ ಪಾಪ ಮುಚ್ಚಿಹಾಕಲು ಊರೀಯನನ್ನು ಯುದ್ಧದ ಮುಂಚೂಣಿಗೆ ತಳ್ಳಿ ಕೊಲ್ಲಿಸಿದ. ಆಗ ಅರಮನೆಗೆ ಹೋದವನು ಪ್ರವಾದಿ ನಾತಾನ. ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ ಹೇಳಿ, ರಾಜನಿಗೆ ಕೋಪ ಬಂದ ಮರುಕ್ಷಣವೇ ಆ ಶ್ರೀಮಂತ ನೀನೇ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದ. ನಾಬೋತನ ಕೊಲೆಯಾದ ಮೇಲೆ ಅವನ ದ್ರಾಕ್ಷಿತೋಟ ಕಬಳಿಸಿದ ರಾಜ ಅಹಾಬನನ್ನು ಪ್ರವಾದಿ ಎಲೀಯ ಎದುರಿಸಿದ. ಹೆರೋದನ ಅಕ್ರಮ ಮದುವೆಯನ್ನು ಖಂಡಿಸಿದ ಸ್ನಾನಿಕ ಯೋಹಾನ ತಲೆಯನ್ನೇ ಕಳೆದುಕೊಂಡ. ಇವರಲ್ಲಿ ಒಬ್ಬರೂ ಸಿಂಹಾಸನಕ್ಕೆ ಆಸೆಪಟ್ಟವರಲ್ಲ. ಮೂವರೂ ಮಾತಾಡಿದ್ದು ದೇವರ ಹೆಸರಿನಲ್ಲಿ. ಅದರಲ್ಲೂ ನಾತಾನ, ಎಲೀಯರ ಬೆನ್ನಿಗಿದ್ದದ್ದು ರಾಜನ ಕೈಯಲ್ಲಿ ಸತ್ತ ಒಬ್ಬೊಬ್ಬ ಮನುಷ್ಯನ ನೆತ್ತರು.

ಮೊರಿಯಾದ ಭಾಷಣವಾದ ಐದಾರು ತಿಂಗಳಿಗೆ, 1985ರ ಸೆಪ್ಟೆಂಬರ್‌ನಲ್ಲಿ, ದಕ್ಷಿಣ ಆಫ್ರಿಕಾದ ಧರ್ಮಶಾಸ್ತ್ರಜ್ಞರ ಒಂದು ಗುಂಪು ‘ಕೈರೋಸ್ ದಸ್ತಾವೇಜು’ ಪ್ರಕಟಿಸಿತು. ಪೌಲನ 13ನೇ ಅಧ್ಯಾಯ ಯಾವ ಕಾಲದ, ಯಾವ ಸಭೆಯ ಪ್ರಶ್ನೆಗೆ ಬರೆದದ್ದು ಎಂದು ನೋಡದೆ ಅದನ್ನು ಎಲ್ಲ ಸರ್ಕಾರಗಳಿಗೂ ಕೊಟ್ಟ ಪರವಾನಗಿ ಮಾಡಿಕೊಳ್ಳುವುದು ತಪ್ಪು ಎಂದು ಅದು ನೇರವಾಗಿ ಹೇಳಿತು. ಅಧಿಕಾರಿ ಇರುವುದು ಜನರ ಹಿತಕ್ಕಾಗಿ, ಅವನು ದೇವರ ಸೇವಕ ಎಂದು ಅದೇ ಅಧ್ಯಾಯ ಹೇಳುತ್ತದೆ. ಹಿತ ಮಾಡುವ ಬದಲು ಹಿಂಸೆಗಿಳಿದರೆ? ಬೈಬಲ್‌ನ ಕೊನೆಯ ಪುಸ್ತಕವಾದ ಪ್ರಕಟನೆಯ 13ನೇ ಅಧ್ಯಾಯದಲ್ಲಿ ರೋಮ್ ಸಾಮ್ರಾಜ್ಯದ ಅಧಿಕಾರ ಮೃಗದ ರೂಪದಲ್ಲಿ ಬರುತ್ತದೆ. ಒಂದು 13ನೇ ಅಧ್ಯಾಯವನ್ನು ಓದಿ ಇನ್ನೊಂದನ್ನು ಮಡಚಿಡುವ ಸ್ವಾತಂತ್ರ್ಯ ಯಾವ ಬೋಧಕನಿಗೂ ಇಲ್ಲ.

ದಕ್ಷಿಣ ಆಫ್ರಿಕಾದ ಆಂಗ್ಲಿಕನ್ ಧರ್ಮಗುರು ಡೆಸ್ಮಂಡ್ ಟುಟು ಬದುಕನ್ನು ನೋಡಬೇಕಾದದ್ದು ಈ ಹಿನ್ನೆಲೆಯಲ್ಲಿ. 1976ರ ಮೇ ತಿಂಗಳಲ್ಲಿ, ಜೋಹಾನ್ಸ್‌ಬರ್ಗ್‌ನ ಸೇಂಟ್ ಮೇರೀಸ್ ಕೆಥೆಡ್ರಲ್‌ನ ಡೀನ್ ಆಗಿದ್ದಾಗ, ಅವರು ಪ್ರಧಾನಿ ಜಾನ್ ಫಾರ್ಸ್ಟರ್‌ಗೆ ದೀರ್ಘ ಪತ್ರ ಬರೆದರು. ನೀವೂ ಒಬ್ಬ ಗಂಡ, ತಂದೆ, ಮೊಮ್ಮಕ್ಕಳನ್ನು ಮುದ್ದಿಸುವ ಅಜ್ಜ ಎಂಬಲ್ಲಿಂದ ಅವರ ಮಾತು ಹೊರಟಿತ್ತು. ನಗರಗಳಲ್ಲಿರುವ ಕಪ್ಪು ಜನರನ್ನು ಅಲ್ಲಿನ ಕಾಯಂ ನಿವಾಸಿಗಳೆಂದು ಒಪ್ಪಿಕೊಳ್ಳಿ, ಕಪ್ಪು ಜನರ ಓಡಾಟವನ್ನು ನಿರ್ಬಂಧಿಸುವ ಪಾಸ್ ಕಾನೂನು ರದ್ದುಮಾಡಿ, ಎಲ್ಲರ ಪ್ರತಿನಿಧಿಗಳನ್ನು ಸೇರಿಸಿ ರಾಷ್ಟ್ರೀಯ ಸಮಾವೇಶ ಕರೆಯಿರಿ ಎಂಬ ಮೂರು ಬೇಡಿಕೆಗಳಿದ್ದವು. ಜನರ ತಾಳ್ಮೆ ಮುಗಿಯುತ್ತಿದೆ, ರಕ್ತಪಾತವಾದೀತು ಎಂಬ ಎಚ್ಚರಿಕೆಯೂ ಇತ್ತು. ಫಾರ್ಸ್ಟರ್ ಅದನ್ನು ರಾಜಕೀಯ ಪ್ರಚಾರವೆಂದು ತಳ್ಳಿಹಾಕಿದರು. ಆರು ವಾರ ಕಳೆಯುವುದರೊಳಗೆ, ಜೂನ್ 16ರಂದು, ಆಫ್ರಿಕಾನ್ಸ್ ಭಾಷೆಯ ಹೇರಿಕೆ ವಿರೋಧಿಸಿ ಬೀದಿಗಿಳಿದ ಸೊವೆಟೊದ ಶಾಲಾಮಕ್ಕಳ ಮೇಲೆ ಗುಂಡು ಹಾರಿತು.

ಆ ಪತ್ರದ ಧ್ವನಿ ನನಗೆ ಬಹಳ ಮುಖ್ಯ. ಎದುರಿಗಿರುವ ದಬ್ಬಾಳಿಕೆಗಾರನೂ ಮೊಮ್ಮಕ್ಕಳಿರುವ ಮನುಷ್ಯ ಎಂಬುದನ್ನು ಮರೆಯದೆ ಆಡಿದ ಕಠಿಣ ಮಾತು ಅದು. ರಾಜಕೀಯ ವಿರೋಧಿ ಆಡುವ ಮಾತಿಗೂ ಧರ್ಮಗುರು ಆಡುವ ಮಾತಿಗೂ ಇರಬೇಕಾದ ವ್ಯತ್ಯಾಸ ಇಲ್ಲಿದೆ. ಎದುರಾಳಿ ಸೋತರೆ ವಿರೋಧ ಪಕ್ಷದ ಕೆಲಸ ಮುಗಿಯಿತು. ಧರ್ಮಗುರುವಿಗೆ ಆಳುವವನು ತಿದ್ದಿಕೊಳ್ಳುವುದೂ ಬೇಕು.

ಹನ್ನೆರಡು ವರ್ಷದ ನಂತರ ನಡೆದ ಇನ್ನೊಂದು ಭೇಟಿಯಲ್ಲಿ ಈ ಸಂಯಮ ಉಳಿಯಲಿಲ್ಲ. 1988ರ ಮಾರ್ಚ್‌ನಲ್ಲಿ ಕೊಲೆ ಪ್ರಕರಣವೊಂದರಲ್ಲಿ ಶಾರ್ಪ್‌ವಿಲ್‌ನ ಆರು ಮಂದಿಗೆ ಗಲ್ಲು ನಿಗದಿಯಾಗಿತ್ತು. ನೇಣಿಗೆ ಎರಡು ದಿನ ಉಳಿದಿದ್ದಾಗ, ಆಗ ಕೇಪ್‌ಟೌನ್‌ನ ಆರ್ಚ್‌ಬಿಷಪ್ ಆಗಿದ್ದ ಟುಟು ಪ್ರಾಣಭಿಕ್ಷೆ ಕೇಳಲು ಬೋಥಾ ಕಚೇರಿಗೆ ಹೋದರು. ಮಾತು ಬೇಗನೆ ಬೇರೆ ಕಡೆ ಹೊರಳಿತು. ಕೆಲವೇ ದಿನಗಳ ಹಿಂದೆ ಟುಟು ಮತ್ತಿತರ ಧರ್ಮಗುರುಗಳು ಸಂಸತ್ತಿನತ್ತ ಮೆರವಣಿಗೆ ಹೊರಟು ಪೊಲೀಸರ ಜಲಫಿರಂಗಿಗೆ ಸಿಕ್ಕಿದ್ದರು. ಅದಕ್ಕಾಗಿ ಬೋಥಾ ಬೆರಳು ಝಳಪಿಸಿ ಗದರಿದರು. ಟುಟು ಸುಮ್ಮನಿರಲಿಲ್ಲ, ನಾನೇನು ಚಿಕ್ಕ ಹುಡುಗನೇ ಎಂಬ ಧಾಟಿಯಲ್ಲಿ ಅಷ್ಟೇ ಜೋರಾಗಿ ತಿರುಗಿಬಿದ್ದರು. ಯೇಸು ಆಗಿದ್ದರೆ ಹೀಗೆ ಮಾಡುತ್ತಿದ್ದರೋ ಇಲ್ಲವೋ ಎಂದು ಅವರೇ ನಂತರ ಅನುಮಾನ ಪಟ್ಟದ್ದುಂಟು. ಆದರೆ ತನ್ನ ಜನ ಅಷ್ಟು ಕಾಲ ಅನುಭವಿಸಿದ್ದನ್ನು ಹೇಳಲು ಅಂಥ ಅವಕಾಶ ಮತ್ತೆ ಸಿಗುತ್ತಿತ್ತೇ ಎಂದೂ ಕೇಳಿದರು. ಆರು ಮಂದಿಯ ಗಲ್ಲಿಗೆ ನ್ಯಾಯಾಲಯ ಮರುದಿನ ತಡೆ ಕೊಟ್ಟಿತು, ಮುಂದೆ ಶಿಕ್ಷೆ ಕಡಿಮೆಯಾಯಿತು. ಟುಟು ಕಮ್ಯುನಿಸ್ಟರ, ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಮಾತು ಆಡುತ್ತಿದ್ದಾರೆ ಎಂದು ಬೋಥಾ ದೂರಿದಾಗ ಅವರು ಪತ್ರದಲ್ಲಿ ಕೊಟ್ಟ ಉತ್ತರ ಸರಳವಾಗಿತ್ತು: ನನ್ನ ನಿಲುವು ಬೈಬಲ್‌ನದು, ಬೈಬಲ್ ಆ ಎರಡಕ್ಕಿಂತಲೂ ಹಳೆಯದು.

ಈ ಉತ್ತರ ನಿಜವೋ ಸುಳ್ಳೋ ಎಂದು ಸಾಬೀತಾಗುವುದು ಆಡಿದ ಹೊತ್ತಿನಲ್ಲಿ ಅಲ್ಲ. ತಾನು ಬಯಸಿದ ಜನ ಅಧಿಕಾರಕ್ಕೆ ಬಂದ ಮೇಲೆ ಧರ್ಮಗುರು ಏನು ಮಾಡುತ್ತಾರೆ ಎಂಬುದರಲ್ಲಿ ಅದು ಸಾಬೀತಾಗಬೇಕು. ಟುಟು ವಿಷಯದಲ್ಲಿ ಪರೀಕ್ಷೆ ಅದಕ್ಕೂ ಮೊದಲೇ ಶುರುವಾಗಿತ್ತು. 1985ರ ಜುಲೈನಲ್ಲಿ ಡುಡುಜಾದಲ್ಲಿ ಒಂದು ಶವಸಂಸ್ಕಾರ ಮುಗಿಯುತ್ತಿದ್ದಂತೆ, ಪೊಲೀಸರ ಬೇಹುಗಾರನೆಂದು ಒಬ್ಬನನ್ನು ಹಿಡಿದು ಜೀವಂತ ಸುಡಲು ಗುಂಪು ಮುಗಿಬಿತ್ತು. ಟುಟು ನಿಲುವಂಗಿಯಲ್ಲೇ ಆ ಗುಂಪಿನೊಳಗೆ ನುಗ್ಗಿದರು. ಜತೆಯಲ್ಲಿ ಬಿಷಪ್ ಸಿಮಿಯೋನ್ ನ್ಕೋನೆ ಇದ್ದರು. ಇಬ್ಬರೂ ಸೇರಿ ಅವನನ್ನು ಉಳಿಸಿದರು. ಸುಡುವವರು ತನ್ನ ಜನ, ಸುಡಿಸಿಕೊಳ್ಳುವವನು ಶತ್ರುವಿನ ಕಡೆಯವನೆಂಬ ಶಂಕೆ. ಆದರೂ ಅವರ ಲೆಕ್ಕ ಬದಲಾಗಲಿಲ್ಲ. ಇಂಥ ಹಿಂಸೆ ನಿಲ್ಲದಿದ್ದರೆ ಗಂಟುಮೂಟೆ ಕಟ್ಟಿ ದೇಶ ಬಿಟ್ಟು ಹೋಗುತ್ತೇನೆ ಎಂದು ಸ್ವಂತ ಜನರಿಗೇ ಹೇಳಿದರು.

1990ರಲ್ಲಿ ಪಕ್ಷಗಳ ಮೇಲಿನ ನಿಷೇಧ ತೆರವಾದಾಗ ಆಂಗ್ಲಿಕನ್ ಬಿಷಪ್‌ಗಳು ತಮ್ಮ ಗುರುಗಳು ಯಾವ ಪಕ್ಷದ ಸದಸ್ಯತ್ವವನ್ನೂ ಪಡೆಯಕೂಡದು ಎಂದು ತೀರ್ಮಾನಿಸಿದರು. ಹೋರಾಟದಲ್ಲಿ ಜೈಲು ಕಂಡ ಗುರುಗಳಿಗೆ ಇದು ಕಹಿಯಾಗಿದ್ದಿರಬೇಕು. ಟುಟು ಗಟ್ಟಿಯಾಗಿ ಅದರ ಬೆನ್ನಿಗೆ ನಿಂತರು. ಇದರ ಫಲ ನಾಲ್ಕೇ ವರ್ಷದಲ್ಲಿ ಕಂಡಿತು. 1994ರಲ್ಲಿ ಮಂಡೇಲಾ ಸರ್ಕಾರ ಬಂದು ಸಚಿವರು, ಸಂಸದರು ದೊಡ್ಡ ಸಂಬಳ ನಿಗದಿ ಮಾಡಿಕೊಂಡಾಗ ಮೊದಲು ಗುಡುಗಿದವರಲ್ಲಿ ಟುಟು ಒಬ್ಬರು. ಮಂಡೇಲಾಗೆ ಬೇಸರವಾಯಿತು, ಅದನ್ನು ಅವರು ಬಚ್ಚಿಡಲಿಲ್ಲ. 1998ರಲ್ಲಿ, ವರ್ಣಭೇದ ಕಾಲದ ದೌರ್ಜನ್ಯಗಳನ್ನು ತನಿಖೆ ಮಾಡಿದ, ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಂಧಾನ ಆಯೋಗ ತನ್ನ ವರದಿ ಸಿದ್ಧಪಡಿಸಿತು. ವಿಮೋಚನಾ ಹೋರಾಟಗಾರರು ಮಾಡಿದ ಮಾನವ ಹಕ್ಕು ಉಲ್ಲಂಘನೆಗಳೂ ಅದರಲ್ಲಿದ್ದವು. ಆಡಳಿತ ಪಕ್ಷವಾಗಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ವರದಿಯ ಪ್ರಕಟಣೆ ತಡೆಯಲು ನ್ಯಾಯಾಲಯಕ್ಕೆ ಹೋಗಿ ಸೋತಿತು. ಟುಟು ಅಕ್ಟೋಬರ್ 29ರಂದು ವರದಿಯನ್ನು ಮಂಡೇಲಾ ಕೈಗಿತ್ತರು.

2004ರ ನವೆಂಬರ್‌ನಲ್ಲಿ ನೆಲ್ಸನ್ ಮಂಡೇಲಾ ಉಪನ್ಯಾಸದಲ್ಲಿ ಅವರು ಆಡಳಿತ ಪಕ್ಷದೊಳಗಿನ ಹೊಗಳುಭಟ್ಟತನವನ್ನು ಟೀಕಿಸಿದಾಗ ಅಧ್ಯಕ್ಷ ಥಾಬೊ ಎಂಬೆಕಿ ಸತ್ಯದ ಬಗ್ಗೆ ಗೌರವವಿಲ್ಲದವರು ಎಂಬಂಥ ಮಾತುಗಳಿಂದ ಹರಿಹಾಯ್ದರು. ಟುಟು ತಮ್ಮ ಪ್ರತಿಕ್ರಿಯೆಯಲ್ಲಿ ಒಂದು ಮಾತು ಸೇರಿಸಿದರು. ವರ್ಣಭೇದ ಸರ್ಕಾರಕ್ಕಾಗಿ ಪ್ರಾರ್ಥಿಸಿದ ಹಾಗೆಯೇ, ನಿಮಗಾಗಿಯೂ ನಿಮ್ಮ ಸರ್ಕಾರಕ್ಕಾಗಿಯೂ ಹೆಸರು ಹಿಡಿದು ದಿನವೂ ಪ್ರಾರ್ಥಿಸುತ್ತಿದ್ದೇನೆ, ಮುಂದೆಯೂ ಪ್ರಾರ್ಥಿಸುತ್ತೇನೆ ಎಂದರು. ಪ್ರಾರ್ಥಿಸುವ ಬಾಯಲ್ಲಿ ಟೀಕೆ ಯಾಕೆ ಎಂದು ಕೇಳುವ ಸಭಾಪಾಲಕರಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ. ದಿನವೂ ಯಾರ ಹೆಸರು ಹೇಳಿ ಪ್ರಾರ್ಥಿಸುತ್ತೇವೋ ಅವರನ್ನು ದ್ವೇಷಿಸುವುದು ಕಷ್ಟ. ಅವರು ಮಾಡುವ ಅನ್ಯಾಯವನ್ನು ನೋಡಿ ಸುಮ್ಮನಿರುವುದೂ ಅಷ್ಟೇ ಕಷ್ಟ.

ಟುಟು ಆಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. 2011ರಲ್ಲಿ ಅವರ 80ನೇ ಹುಟ್ಟುಹಬ್ಬಕ್ಕೆ ಬರಬೇಕಿದ್ದ ದಲೈ ಲಾಮಾಗೆ ಸಕಾಲದಲ್ಲಿ ವೀಸಾ ಸಿಗದಿದ್ದಾಗ, ಈ ಸರ್ಕಾರ ವರ್ಣಭೇದ ಸರ್ಕಾರಕ್ಕಿಂತ ಕೆಟ್ಟದ್ದು ಎಂದರು. ಸೊವೆಟೊ, ಲಂಗಾಗಳ ನಂತರ ಆ ಹೋಲಿಕೆ ಒಪ್ಪುವಂಥದ್ದಲ್ಲ. ಟೀಕಿಸುವ ಧರ್ಮಗುರು ಪವಿತ್ರನೇ ಆಗಿರುತ್ತಾನೆ ಎಂಬ ಖಾತರಿಯೂ ಇಲ್ಲ. ವರ್ಣಭೇದವನ್ನು ಪಾಷಂಡವೆಂದು ಜಗತ್ತಿನ ಚರ್ಚುಗಳು ಒಪ್ಪುವಂತೆ ಮಾಡಿದ ಅಲನ್ ಬುಸಾಕ್, ದಾನಿಗಳ ಹಣದ ಪ್ರಕರಣದಲ್ಲಿ 1999ರಲ್ಲಿ ಶಿಕ್ಷೆಗೊಳಗಾದರು, ಮುಂದೆ ಕ್ಷಮಾದಾನ ಪಡೆದರು. ಬೋಧಕನೂ ಟೀಕೆಗೆ ಒಳಗಾಗಬೇಕು. ಆದರೆ ಮೌನದ ಲೆಕ್ಕವನ್ನೂ ನೋಡಬೇಕಲ್ಲ. ಬಿಳಿಯರ ಡಚ್ ರಿಫಾರ್ಮ್ಡ್ ಚರ್ಚ್ ದಶಕಗಳ ಕಾಲ ತನ್ನ ಆಳುವವರ ಜತೆ ನಿಂತಿತು, 1974ರ ವರದಿಯಲ್ಲಿ ಪ್ರತ್ಯೇಕತೆಗೆ ಬೈಬಲ್‌ನಿಂದ ಆಧಾರವನ್ನೂ ಹೊಂದಿಸಿಕೊಟ್ಟಿತು. ಎದುರು ಮಾತಾಡಿದ ಅದರ ಸಭಾಪಾಲಕ ಬೇಯರ್ಸ್ ನೌಡೆ 1963ರಲ್ಲಿ ಸಭಾಪಾಲನೆಯನ್ನೇ ಬಿಡಬೇಕಾಯಿತು, 1977ರಿಂದ ಏಳು ವರ್ಷ ಸರ್ಕಾರದ ನಿರ್ಬಂಧದಲ್ಲಿ ಕಳೆದರು. 1990ರ ನವೆಂಬರ್‌ನಲ್ಲಿ ರುಸ್ಟೆನ್‌ಬರ್ಗ್‌ನ ಸಭೆಯಲ್ಲಿ ಆ ಚರ್ಚ್‌ನ ವಿಲ್ಲಿ ಯೋಂಕರ್ ಎದ್ದು ನಿಂತು ತನ್ನ ಮತ್ತು ತನ್ನ ಸಭೆಯ ಪಾಪವನ್ನು ಒಪ್ಪಿಕೊಂಡಾಗ, ಕ್ಷಮೆ ಕೊಟ್ಟವರು ಟುಟು.

ಮಾತೋ ಮೌನವೋ ಎಂಬ ಈ ಪ್ರಶ್ನೆ ನಮ್ಮ ದೇಶದ ಚರ್ಚುಗಳ ಮುಂದೆ ಕಠಿಣವಾಗಿ ಬಂದದ್ದು 1975ರ ತುರ್ತು ಪರಿಸ್ಥಿತಿಯಲ್ಲಿ. ಹೆಚ್ಚಿನ ಧರ್ಮಾಧಿಕಾರಿಗಳು ಬಾಯಿ ಬಿಡಲಿಲ್ಲ. ಆದರೆ ಮಾರ್ತೋಮ ಸಭೆಯ ಮೆಟ್ರೊಪಾಲಿಟನ್ ಜುಹಾನೋನ್ ಮಾರ್ತೋಮ ಇಂದಿರಾ ಗಾಂಧಿಯವರಿಗೆ ಪ್ರತಿಭಟನೆಯ ಪತ್ರ ಬರೆದರು. ಅದೇ ಸಭೆಯ ಎಂ.ಎಂ. ಥಾಮಸ್ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಬರೆಯುತ್ತ ಹೋದರು. ಅಲ್ಲಿಯವರೆಗೆ ಬೆಂಗಳೂರಿನಲ್ಲಿ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯನ್ನು ನಡೆಸಿದ್ದ ಥಾಮಸ್ ಗುರುಪಟ್ಟ ಪಡೆದವರಲ್ಲ. ಕಮ್ಯುನಿಸ್ಟ್ ಒಲವಿದೆಯೆಂದು ಚರ್ಚ್ ಅವರಿಗೆ ಗುರುಪಟ್ಟ ಕೊಡಲಿಲ್ಲ, ಕ್ರೈಸ್ತನೆಂದು ಕಮ್ಯುನಿಸ್ಟ್ ಪಕ್ಷ ಸದಸ್ಯತ್ವ ಕೊಡಲಿಲ್ಲ. ಎರಡೂ ಕಡೆ ಬಾಗಿಲು ಮುಚ್ಚಿಸಿಕೊಂಡ ಈ ಮನುಷ್ಯ ಮಾತಾಡಿದರು, ಬಾಗಿಲುಗಳ ಒಳಗಿದ್ದವರಲ್ಲಿ ಬಹಳ ಮಂದಿ ಸುಮ್ಮನಿದ್ದರು.

ಕರ್ನಾಟಕದಲ್ಲಿ 2021ರ ಕೊನೆಗೆ ಮತಾಂತರ ನಿಷೇಧ ಮಸೂದೆ ಬಂದಾಗ ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಬಹಿರಂಗವಾಗಿ ವಿರೋಧಿಸಿದರು. ಸಮುದಾಯದ ಹಿರಿಯರಾಗಿ ಅದು ಅವರು ಮಾಡಲೇಬೇಕಾದ ಕೆಲಸವಾಗಿತ್ತು. ಆದರೆ ತನ್ನವರಿಗೆ ನೋವಾದಾಗ ಯಾವ ಸಮುದಾಯದ ಮುಖಂಡರೂ ಮಾತಾಡುತ್ತಾರೆ. ಯೇಸುವಿನ ಹೆಸರಿನಲ್ಲಿ ಮಾತಾಡುವವರಿಂದ ನಾನು ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸುತ್ತೇನೆ. ಹಿಂದೊಮ್ಮೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಜೆಸ್ವಿಟ್ ಫಾದರ್ ಸ್ಟ್ಯಾನ್ ಸ್ವಾಮಿ ಜಾರ್ಖಂಡ್‌ಗೆ ಹೋಗಿ ಆದಿವಾಸಿಗಳ ಜಮೀನಿನ ಬಗ್ಗೆ, ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುತ್ತಿದ್ದ ಆದಿವಾಸಿ ಯುವಕರ ಬಗ್ಗೆ ಸರ್ಕಾರಗಳನ್ನು ಪ್ರಶ್ನಿಸಿದರು. ಅವರಲ್ಲಿ ಎಷ್ಟು ಮಂದಿ ಚರ್ಚ್‌ಗೆ ಬರುತ್ತಾರೆ ಎಂದು ಎಣಿಸಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿತರಾದ ಅವರು ಆರೋಪಗಳನ್ನು ನಿರಾಕರಿಸಿದ್ದರು. ವಿಚಾರಣೆ ಶುರುವಾಗುವ ಮೊದಲೇ, 2021ರ ಜುಲೈ 5ರಂದು, 84ರ ವಯಸ್ಸಿನಲ್ಲಿ, ನ್ಯಾಯಾಂಗ ಬಂಧನದಲ್ಲಿದ್ದಾಗಲೇ ಮುಂಬೈಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ನಮ್ಮ ಸಭಾಪಾಲಕರಲ್ಲಿ, ಫಾದರ್‌ಗಳಲ್ಲಿ ನನ್ನದೊಂದು ಕೋರಿಕೆ. ಚುನಾವಣೆ ಬಂದಾಗ ಯಾವ ಅಭ್ಯರ್ಥಿಗೂ ವೇದಿಕೆ ಕೊಡಬೇಡಿ, ಯಾವ ಪಕ್ಷಕ್ಕೂ ಮತ ಕೇಳಬೇಡಿ. ಭಾನುವಾರ ಆಳುವವರಿಗಾಗಿ ಪ್ರಾರ್ಥಿಸುವಾಗ ಅವರ ಹೆಸರು ಹೇಳಿ ಪ್ರಾರ್ಥಿಸಿ. ಅವರ ಆಡಳಿತದಲ್ಲಿ ಆ ವಾರ ಯಾರ ಮನೆ ಕೆಡವಲಾಯಿತು, ಯಾರು ಮಲಗುಂಡಿಯಲ್ಲಿ ಉಸಿರುಗಟ್ಟಿ ಸತ್ತರು, ಯಾರ ಕೂಲಿ ಬಾಕಿ ಉಳಿಯಿತು ಎಂದು ತಿಳಿದುಕೊಂಡು, ಅವರು ಯಾವ ಧರ್ಮದವರೇ ಆಗಿರಲಿ, ಅವರ ಹೆಸರನ್ನೂ ಅದೇ ಪ್ರಾರ್ಥನೆಯಲ್ಲಿ ಸೇರಿಸಿ. ಅಧಿಕಾರಸ್ಥರು ಮುಂದಿನ ಸಾಲಿನಲ್ಲಿ ಕೂತಿದ್ದರೂ ಆ ಹೆಸರುಗಳನ್ನು ಬಿಡಬೇಡಿ.