ಆಟದ ತೆರೆಯೋ, ಓದಿನ ತೆರೆಯೋ?

ಎಳನೀರಿಗೆಂದು ಇಳಿಸುವ ಕಾಯಿ ಬೇರೆ, ಉಂಡೆಕೊಬ್ಬರಿಗೆಂದು ಅಟ್ಟಕ್ಕೇರಿಸುವ ಕಾಯಿ ಬೇರೆ. ಇದನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮರ ಒಂದೇ ಆದರೂ ಉದ್ದೇಶವನ್ನು ನೋಡಿ ಕಾಯನ್ನು ಆರಿಸುವುದು ಆ ಸೀಮೆಯ ಹಳೆಯ ವಿವೇಕ. ಕಂಪ್ಯೂಟರಿಗೆ ಮಾನಿಟರು ಕೊಳ್ಳಲು ಹೊರಟಾಗ ಮಾತ್ರ ಈ ವಿವೇಕ ನಮ್ಮ ತರುಣರನ್ನು ಬಿಟ್ಟುಹೋಗುವಂತೆ ತೋರುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅತಿ ದೊಡ್ಡ ಅಂಕಿಯೇ ಅತಿ ಉತ್ತಮ ವಸ್ತುವಿನ ಗುರುತೆಂಬ ಭ್ರಮೆ ಎಲ್ಲೆಲ್ಲೂ ಹರಡಿದೆ.

ಕೊಬ್ಬರಿ ಮಾರಿದ ಹಣದಲ್ಲಿ ಮನೆಗೆ ಒಂದೇ ತೆರೆ ಬರುವುದಾದರೆ ಈ ಭ್ರಮೆಗೆ ತೆರಬೇಕಾದ ಬೆಲೆ ಸಣ್ಣದಲ್ಲ. ತಮ್ಮನ ಆಟ, ಅಕ್ಕನ ಪಾಠ, ತಂದೆ ನೋಡುವ ಮಾರುಕಟ್ಟೆಯ ಧಾರಣೆ, ಎಲ್ಲವೂ ಆ ಒಂದು ತೆರೆಯ ಮೇಲೆಯೇ ನಡೆಯಬೇಕು. ಇಂಥ ಮನೆಗೆ ವೇಗದ ತೆರೆಗಿಂತ ಅಕ್ಷರವನ್ನು ಸ್ಪಷ್ಟವಾಗಿ ತೋರುವ ತೆರೆಯೇ ಮೇಲೆಂಬುದು ನಮ್ಮ ಅಭಿಪ್ರಾಯ. ಕನ್ನಡ ಓದುವವರಿಗಂತೂ ಈ ಮಾತು ಇಮ್ಮಡಿಯಾಗಿ ಸಲ್ಲುತ್ತದೆ.

ಮೊದಲು ವೇಗದ ಲೆಕ್ಕವನ್ನು ನೋಡೋಣ. ತೆರೆಯ ಮೇಲಿನ ಚಿತ್ರ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಹೊಸದಾಗುವುದೆಂಬುದನ್ನು ಹರ್ಟ್ಸ್ ಎಂಬ ಮಾನದಿಂದ ಹೇಳುತ್ತಾರೆ. 60 ಹರ್ಟ್ಸಿನ ತೆರೆಯಲ್ಲಿ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ 16.7 ಮಿಲಿಸೆಕೆಂಡುಗಳ ಅಂತರವಿದೆ. 144 ಹರ್ಟ್ಸಿನಲ್ಲಿ ಅದು 6.9ಕ್ಕೆ ಇಳಿಯುತ್ತದೆ. ವೇಗವಾಗಿ ಓಡುವ, ಗುರಿಯಿಡುವ ಆಟಗಳಲ್ಲಿ ಈ ವ್ಯತ್ಯಾಸ ಕಣ್ಣಿಗೂ ಕೈಗೂ ತಿಳಿಯುವಂಥದೇ. ಆಟಗಾರರ ಮಾತು ಸುಳ್ಳಲ್ಲ. ಆದರೆ 144ರಿಂದ 240ಕ್ಕೆ ಏರಿದರೆ ಉಳಿಯುವುದು ಮೂರು ಮಿಲಿಸೆಕೆಂಡಿಗೂ ಕಡಮೆ. ಅಂಕಿ ಏರಿದಂತೆಲ್ಲ ಲಾಭ ಕುಗ್ಗುತ್ತ ಹೋಗುವುದನ್ನು ವಾಚಕರು ಗಮನಿಸಬೇಕು.

ಇನ್ನೊಂದು ಮಾತು. ತೆರೆ ತಾನಾಗಿ ಚಿತ್ರವನ್ನು ಸೃಷ್ಟಿಸುವುದಿಲ್ಲ. ಕಂಪ್ಯೂಟರು ಕಳುಹಿಸಿದ್ದನ್ನು ತೋರಿಸುತ್ತದೆ, ಅಷ್ಟೆ. ಸೆಕೆಂಡಿಗೆ 50 ಚಿತ್ರಗಳನ್ನು ಮಾತ್ರ ರಚಿಸಬಲ್ಲ ಕಂಪ್ಯೂಟರಿಗೆ 144 ಹರ್ಟ್ಸಿನ ತೆರೆಯನ್ನು ಜೋಡಿಸುವುದು, ನೀರು ಬತ್ತಿದ ಕೊಳವೆಬಾವಿಗೆ ಹೆಚ್ಚು ಅಶ್ವಶಕ್ತಿಯ ಪಂಪನ್ನು ಇಳಿಸಿದಂತೆ.

ಈಗ ಸ್ಪಷ್ಟತೆಯ ಲೆಕ್ಕ. ತೆರೆಯ ಚಿತ್ರವೆಲ್ಲ ಪಿಕ್ಸೆಲ್ ಎಂಬ ಪುಟ್ಟ ಬಿಂದುಗಳ ಜೋಡಣೆ. ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿರುವ 24 ಅಂಗುಲದ ತೆರೆಯಲ್ಲಿ ಒಂದು ಬಿಂದುವಿನ ಅಗಲ ಸುಮಾರು 0.28 ಮಿಲಿಮೀಟರು. ಅಷ್ಟೇ ಬಿಂದುಗಳನ್ನು 27 ಅಂಗುಲಕ್ಕೆ ಹರಡಿದರೆ ಅದು 0.31 ಆಗುತ್ತದೆ, ಹಿಟ್ಟು ಅಷ್ಟೇ ಇದ್ದು ರೊಟ್ಟಿಯನ್ನು ಅಗಲವಾಗಿ ತಟ್ಟಿದಂತೆ! 27 ಅಂಗುಲದಲ್ಲೇ 2560ಕ್ಕೆ 1440 ಬಿಂದುಗಳಿದ್ದರೆ 0.23ಕ್ಕೆ ಇಳಿಯುತ್ತದೆ. ಆರೋಗ್ಯವಂತ ಕಣ್ಣು 60 ಸೆಂಟಿಮೀಟರು ದೂರದಿಂದ ಸುಮಾರು 0.17 ಮಿಲಿಮೀಟರಿನ ವಿವರವನ್ನು ಬೇರ್ಪಡಿಸಿ ಕಾಣಬಲ್ಲುದು. ಎಂದರೆ ಈ ಮೂರು ತೆರೆಗಳೂ ಕಣ್ಣಿನ ಶಕ್ತಿಗಿಂತ ಹಿಂದೆಯೇ ಇವೆ. ಇಲ್ಲಿ ಬಿಂದು ಕಿರಿದಾದಷ್ಟೂ ಕಣ್ಣಿಗೆ ಲಾಭವುಂಟು.

ಕನ್ನಡದ ಪ್ರಸ್ತಾಪ ಬರುವುದು ಇಲ್ಲಿಯೇ. ರಕಾರದ ಒಡಲಲ್ಲಿ ಒಂದು ಚುಕ್ಕೆ ಬಿದ್ದರೆ ಠಕಾರ. ದಕಾರದ ಅಡಿಯಲ್ಲಿ ಒಂದು ಗೀಟು ಬಿದ್ದರೆ ಧಕಾರ. ‘ಸ್ತ್ರೀ’, ‘ಲಕ್ಷ್ಮಿ’ ಎಂಬ ಪದಗಳಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಪುಟ್ಟದಾಗಿ ಜೋತುಬೀಳುತ್ತವೆ. ರೋಮನ್ ಅಕ್ಷರಕ್ಕೆ ಸಾಕಾಗುವ ಬಿಂದುಗಳು ಈ ಒತ್ತುಗಳಿಗೆ ಸಾಲವು. ಒರಟು ತೆರೆಯಲ್ಲಿ ಒತ್ತು ಕಲಸಿಹೋಗುತ್ತದೆ. ಓದುಗನು ಊಹಿಸಿ ಓದುತ್ತಾನೆ, ಕಣ್ಣು ದಣಿಯುತ್ತದೆ. ಆದರೂ ಮಾನಿಟರುಗಳ ಗುಣವಿಮರ್ಶೆಗಳು ಬಹುಪಾಲು ಇಂಗ್ಲಿಷ್ ಅಕ್ಷರವನ್ನೂ ಆಟದ ವೇಗವನ್ನೂ ಅಳೆದು ಮುಗಿಸುತ್ತವೆ. ನಮ್ಮ ಲಿಪಿಯ ಅಗತ್ಯವನ್ನು ನಾವೇ ಅಳೆಯದೆ ಬೇರೆ ಯಾರು ಅಳೆದಾರು?

ತೆರೆಯನ್ನು ಎದುರಿನಿಂದ ಮಾತ್ರವಲ್ಲದೆ ಪಕ್ಕದಿಂದಲೂ ನೋಡುವವರಿರುತ್ತಾರೆ. ಇಂದಿನ ಮಾನಿಟರುಗಳ ಬಹುಭಾಗ ದ್ರವಸ್ಫಟಿಕದ ತೆರೆಗಳು. ದ್ರವದಂತೆ ಹರಿದರೂ ಅಣುಗಳಲ್ಲಿ ಒಂದು ಕ್ರಮವನ್ನು ಉಳಿಸಿಕೊಳ್ಳುವ ಈ ವಿಚಿತ್ರ ವಸ್ತುವನ್ನು 1888ರಲ್ಲಿ ಮೊದಲು ಗಮನಿಸಿದವನು ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್. ಅಲ್ಲಿಯವರೆಗೆ ತಿಳಿದಿದ್ದ ದ್ರವಸ್ಫಟಿಕಗಳೆಲ್ಲ ಕಡ್ಡಿಯಂಥ ಅಣುಗಳವು ಎನಿಸಿದ್ದಾಗ, ತಟ್ಟೆಯಂಥ ಅಣುಗಳಿಂದಲೂ ಅವು ಉಂಟಾಗುವುವೆಂದು 1977ರಲ್ಲಿ ತೋರಿಸಿಕೊಟ್ಟವರು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಅವರ ಸಂಗಡಿಗರು. ಟಿಎನ್ ಎಂಬ ಬಗೆಯ ತೆರೆಗಳನ್ನು ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತಿತ್ತು. ಆ ದೋಷವನ್ನು ತಗ್ಗಿಸಲು ಇಂಥ ತಟ್ಟೆಯಣುಗಳ ಪೊರೆ ಮುಂದೆ ಬಳಕೆಗೆ ಬಂದಿತು. ಅಣುಗಳನ್ನು ಬೇರೊಂದು ರೀತಿಯಲ್ಲಿ ತಿರುಗಿಸುವ ಐಪಿಎಸ್ ಬಗೆಯ ತೆರೆಗಳಲ್ಲಿ ಈ ತೊಂದರೆ ಬಹಳ ಕಡಮೆ. ಇಬ್ಬರು ಮೂವರು ಒಟ್ಟಿಗೆ ಕುಳಿತು ನೋಡುವ ಮನೆಗೆ ಇದೇ ತಕ್ಕುದು.

ಹಾಗಾದರೆ ಆಟ ಬೇಡವೆ? ಬೇಡವೆಂದು ನಾವು ಹೇಳುವುದಿಲ್ಲ. ಆಟವೂ ತಾರುಣ್ಯದ ಹಕ್ಕು. 100 ಹರ್ಟ್ಸಿನ ಸಾಧಾರಣ ಮಾನಿಟರುಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಬಹುಮಂದಿಯ ಆಟಕ್ಕೆ ಅಷ್ಟು ಧಾರಾಳವಾಗಿ ಸಾಕು. ಸ್ಪರ್ಧೆಗೇ ಇಳಿಯುವವನು, ಅದಕ್ಕೆ ತಕ್ಕ ಕಂಪ್ಯೂಟರುಳ್ಳವನು, ಹೆಚ್ಚು ವೇಗವನ್ನು ಕೊಳ್ಳಲಿ. ಉಳಿದವರು ಮಿತವಾದ ಹಣದಲ್ಲಿ 24 ಅಂಗುಲದ ಐಪಿಎಸ್ ತೆರೆಯನ್ನು ಆರಿಸುವುದು ಲೇಸು. ಇನ್ನಷ್ಟು ಹಣವಿದ್ದರೆ ಅದನ್ನು ವೇಗಕ್ಕೆ ಸುರಿಯದೆ 2560ಕ್ಕೆ 1440 ಬಿಂದುಗಳ 27 ಅಂಗುಲಕ್ಕೆ ಹಾಕಲಿ. 1920ಕ್ಕೆ 1080 ಬಿಂದುಗಳ 27 ಅಂಗುಲವನ್ನು ಓದುವವರು ಕೊಳ್ಳದಿರುವುದೇ ಒಳ್ಳೆಯದು.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿರಿ. ಅಂಗಡಿಯವರು ಹಾಕಿ ತೋರಿಸುವ ಬಣ್ಣಬಣ್ಣದ ಚಲಚ್ಚಿತ್ರವನ್ನು ನಿಲ್ಲಿಸಿ, ಸಣ್ಣ ಅಕ್ಷರದ ಒಂದು ಕನ್ನಡ ಪುಟವನ್ನು ತೆರೆಯಲು ಕೇಳಿರಿ. ಒಂದು ತೋಳಿನಳತೆಯ ದೂರದಲ್ಲಿ ಕುಳಿತು ಐದು ನಿಮಿಷ ಓದಿರಿ. ಬಳಿಕ ಪಕ್ಕಕ್ಕೆ ಸರಿದು ಓದಿರಿ. ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಬೆಲೆಯನ್ನು ವಿಚಾರಿಸಬಹುದು.